ಸಾಕ್ಷ್ಯಚಿತ್ರದಲ್ಲಿ ಸಾಕ್ಷಿ ಯಾರು?

ಕಳೆದ ಭಾನುವಾರ ಜಯನಗರದಲ್ಲಿ ವಿದ್ಯಾಸಂಸ್ಥೆಯೊಂದರ ಅಧ್ಯಕ್ಷರ 75ನೇ ಹುಟ್ಟುಹಬ್ಬದ ಸಮಾರಂಭವಿತ್ತು. ‘ಬೆಳಿಗ್ಗೆ 11 ಗಂಟೆಗೆ ಸಾಕ್ಷ್ಯಚಿತ್ರ ಪ್ರದರ್ಶನ’ ಎಂದು ಆಹ್ವಾನ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಚಿತ್ರ 22 ನಿಮಿಷದ್ದು. ಡ್ರೋನ್ ಕ್ಯಾಮೆರಾ ಕಟ್ಟಡವನ್ನು ನಾಲ್ಕು ಬಾರಿ ಸುತ್ತಿತು. ಕೊಳಲು ಒಂದು ಕ್ಷಣವೂ ನಿಲ್ಲಲಿಲ್ಲ. ಮಾತನಾಡಿದವರೆಲ್ಲ ಸಂಸ್ಥೆಯ ನೌಕರರು, ಇಲ್ಲವೇ ಅಧ್ಯಕ್ಷರ ಬಂಧುಗಳು. ಒಂದು ದೃಶ್ಯದಲ್ಲಿ ಗೇಟು ತೆರೆಯುವ ಕಾವಲುಗಾರರು ಎರಡು ಸೆಕೆಂಡು ಕಾಣಿಸಿಕೊಂಡು ಮರೆಯಾದರು. ಅವರು ಮೂವತ್ತು ವರ್ಷಗಳಿಂದ ಅದೇ ಗೇಟಿನಲ್ಲಿ ಇದ್ದಾರೆ ಎಂದು ನನ್ನ ಪಕ್ಕದಲ್ಲಿ ಕುಳಿತಿದ್ದವರು ಹೇಳಿದರು.

ಹಿರಿಯರನ್ನು ಗೌರವಿಸಲು ಚಿತ್ರ ಮಾಡಿಸಿದ್ದು ತಪ್ಪೇನಲ್ಲ. ಅದನ್ನು ಸಾಕ್ಷ್ಯಚಿತ್ರ ಎಂದು ಕರೆದದ್ದು ತಪ್ಪು. ಈ ವರ್ಷ ಇದೇ ತಪ್ಪನ್ನು ನಾನು ಎಷ್ಟು ಬಾರಿ ಕಂಡಿದ್ದೇನೆ ಎಂದರೆ, ಇನ್ನು ಸುಮ್ಮನಿರುವುದು ಸರಿಯಲ್ಲ ಎನಿಸಿತು. ಬಡಾವಣೆಯ ನಿವೇಶನ ಮಾರುವ ಜಾಹೀರಾತಿಗೂ ಅದೇ ಹೆಸರು. ಹಳೆಯ ಫೋಟೊಗಳನ್ನು ಒಂದರ ಹಿಂದೊಂದು ಜೋಡಿಸಿ, ಗಡಸು ದನಿಯಲ್ಲಿ ‘ಮುಚ್ಚಿಟ್ಟ ಇತಿಹಾಸ’ ಎಂದು ಓದಿಸಿದ ಯೂಟ್ಯೂಬ್ ವಿಡಿಯೊಗೂ ಅದೇ ಹೆಸರು. ಕಾಲೇಜು ಹುಡುಗರು ಮಾಡಿದ ಹತ್ತು ನಿಮಿಷದ ದೆವ್ವದ ಕಥೆಗೂ ಅದೇ.

ಮೊದಲು ಕಾಗುಣಿತ. ಸಾಕ್ಷಚಿತ್ರ ಎಂಬ ಪದವಿಲ್ಲ. ‘ಕ್ಷ’ದ ಕೆಳಗೆ ಯಕಾರ ಬರಲೇಬೇಕು. ಸಾಕ್ಷಿ ಎಂದರೆ ಆಳು, ಸಾಕ್ಷ್ಯ ಎಂದರೆ ಆ ಆಳು ನುಡಿದದ್ದು. ಯಕಾರ ಬಿದ್ದುಹೋದರೆ ನುಡಿಯೂ ಹೋಯಿತು, ಆಳೂ ಹೋಯಿತು.

ಈಗ ಪದದ ಒಳಗೆ ಹೋಗೋಣ. ‘ಸ’ ಎಂದರೆ ಜೊತೆಗೆ, ‘ಅಕ್ಷ’ ಎಂದರೆ ಕಣ್ಣು. ಇವೆರಡು ಸೇರಿ ಸಾಕ್ಷಾತ್ ಆಗುತ್ತದೆ: ಕಣ್ಣಾರೆ, ಎದುರಿಗೇ. ಪ್ರತ್ಯಕ್ಷ, ಪರೋಕ್ಷ ಎಂಬ ಪದಗಳಲ್ಲಿ ಕುಳಿತಿರುವುದೂ ಇದೇ ಕಣ್ಣು. ಒಂದು ಕಣ್ಣಿನ ಎದುರಿನದು, ಇನ್ನೊಂದು ಕಣ್ಣಿನ ಆಚೆಯದು. ಅಧ್ಯಕ್ಷ ಎಂಬ ಪದದಲ್ಲಿಯೂ ಇದೇ ಕಣ್ಣಿದೆ ಎಂಬುದನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ‘ಅಧಿ’ ಎಂದರೆ ಮೇಲೆ. ಮೇಲಿನಿಂದ ನೋಡುವವನು, ಮೇಲ್ವಿಚಾರಣೆ ಮಾಡುವವನು ಅಧ್ಯಕ್ಷ. ಅಧ್ಯಕ್ಷನೂ ನೋಡುತ್ತಾನೆ, ಸಾಕ್ಷಿಯೂ ನೋಡುತ್ತಾನೆ. ಆದರೆ ಇಬ್ಬರೂ ನಿಂತ ಜಾಗ ಬೇರೆ.

ಆ ಜಾಗ ಯಾವುದು ಎನ್ನುವುದಕ್ಕೆ ನಮ್ಮ ವ್ಯಾಕರಣಕಾರರು ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಸಾಕ್ಷಿ ಎಂಬ ಪದಕ್ಕೆಂದೇ ಪಾಣಿನಿ ಒಂದು ಸೂತ್ರವನ್ನು ಮೀಸಲಿಟ್ಟಿದ್ದಾನೆ: ‘ಸಾಕ್ಷಾದ್ ದ್ರಷ್ಟರಿ ಸಂಜ್ಞಾಯಾಮ್’. ನೇರವಾಗಿ ನೋಡಿದವನಿಗೆ ಈ ಹೆಸರು ಎಂದು ಅರ್ಥ. ಇಲ್ಲಿ ವ್ಯಾಖ್ಯಾನಕಾರರು ಒಂದು ಪ್ರಶ್ನೆ ಎತ್ತುತ್ತಾರೆ. ಕೊಡು-ಕೊಳ್ಳುವ ವ್ಯವಹಾರವನ್ನು ನೇರವಾಗಿ ನೋಡುವವರು ಮೂವರು: ಕೊಡುವವನು, ಪಡೆಯುವವನು, ಹತ್ತಿರ ನಿಂತು ನೋಡುವವನು. ಹಾಗಾದರೆ ಮೂವರೂ ಸಾಕ್ಷಿಗಳೇ? ಅಲ್ಲ ಎನ್ನುತ್ತಾರೆ ಅವರು. ಸೂತ್ರದಲ್ಲಿ ‘ಸಂಜ್ಞಾಯಾಮ್’, ಎಂದರೆ ‘ಹೆಸರಾಗಿ’, ಎಂಬ ಮಾತು ಇರುವುದೇ ಹತ್ತಿರ ನಿಂತ ಆ ಮೂರನೆಯವನಿಗೆ ಮಾತ್ರ ಈ ಹೆಸರು ಸಲ್ಲಲಿ ಎಂದು.

ಜಯನಗರದ ಆ ಚಿತ್ರವನ್ನು ಈ ಸೂತ್ರದ ಮುಂದೆ ನಿಲ್ಲಿಸಿ ನೋಡಿ. ಹಣ ಕೊಟ್ಟವರು ಸಂಸ್ಥೆಯವರೇ, ಹೊಗಳಿಕೆ ಪಡೆದವರೂ ಅವರೇ. ಹತ್ತಿರ ನಿಂತು ಮೂವತ್ತು ವರ್ಷ ಎಲ್ಲವನ್ನೂ ನೋಡಿದ ಮನುಷ್ಯ ಗೇಟು ತೆರೆದು ಪಕ್ಕಕ್ಕೆ ಸರಿದರು. ಅವರನ್ನು ಯಾರೂ ಮಾತನಾಡಿಸಲಿಲ್ಲ.

ಇಂಗ್ಲಿಷಿನ ಡಾಕ್ಯುಮೆಂಟರಿ ಎಂಬ ಪದಕ್ಕೆ ಈ ಕಣ್ಣಿಲ್ಲ. ಅದರ ಬೇರು ಕಲಿಸು ಎಂಬ ಅರ್ಥದ ಲ್ಯಾಟಿನ್ ಧಾತು. ಪಾಠ, ನಿದರ್ಶನ ಎಂಬ ಅರ್ಥಗಳನ್ನು ದಾಟಿ ಅದು ಕಾಗದಪತ್ರಕ್ಕೆ ಬಂದು ನಿಂತಿತು. ರಾಬರ್ಟ್ ಫ್ಲಾಹರ್ಟಿಯ ‘ಮೊವಾನಾ’ ಚಿತ್ರವನ್ನು 1926ರಲ್ಲಿ ವಿಮರ್ಶಿಸುತ್ತಾ ಜಾನ್ ಗ್ರಿಯರ್ಸನ್ ಆ ವಿಶೇಷಣವನ್ನು ಬಳಸಿದ ಮೇಲೆ ಅದು ಸಿನಿಮಾದ ಮಾತಾಯಿತು. ನೆರೆಹೊರೆಯ ಭಾಷೆಗಳು ಈ ಪದವನ್ನು ತಂದುಕೊಂಡಾಗ ಒಂದೊಂದೂ ಒಂದೊಂದು ದಾರಿ ಹಿಡಿದವು. ಹಿಂದಿ ವೃತ್ತಚಿತ್ರ ಎಂದಿತು. ಮರಾಠಿ ಮಾಹಿತಿಪಟ ಎಂದಿತು. ಬಂಗಾಳಿಗಳು ತಥ್ಯಚಿತ್ರ ಎಂದರು. ತಮಿಳಿನ ಆವಣಪ್ಪಡಂ ನೇರವಾಗಿ ದಸ್ತಾವೇಜಿನ ಚಿತ್ರ. ವೃತ್ತಾಂತ, ಮಾಹಿತಿ, ತಥ್ಯ, ದಸ್ತಾವೇಜು ಎಲ್ಲವೂ ವಸ್ತುಗಳು. ಯಾರ ಕೈಯಲ್ಲಿದ್ದರೂ ಅವು ಅವೇ. ಕನ್ನಡ ಒಬ್ಬ ಮನುಷ್ಯನನ್ನು ಆರಿಸಿಕೊಂಡಿತು. ಈ ಪದವನ್ನು ಟಂಕಿಸಿದವರಿಗೆ ನಾನು ಮನಸಾರೆ ಕೈ ಮುಗಿಯುತ್ತೇನೆ. ಯಾಕೆಂದರೆ ಸಾಕ್ಷಿ ಎಂದ ಕೂಡಲೇ ಅದರ ಬೆನ್ನಿಗೆ ಕಟಕಟೆ ಬರುತ್ತದೆ, ಪ್ರಮಾಣವಚನ ಬರುತ್ತದೆ, ಪಾಟೀಸವಾಲು ಬರುತ್ತದೆ. ಸುಳ್ಳುಸಾಕ್ಷಿ ಎಂಬ ಬೈಗುಳವೂ ಬರುತ್ತದೆ. ಮಾಹಿತಿಪಟವನ್ನು ಯಾರೂ ಪಾಟೀಸವಾಲಿಗೆ ಎಳೆಯುವುದಿಲ್ಲ.

ಇದು ತಲೆಗೆ ಹತ್ತಿದರೆ ಉಳಿದ ಗೊಂದಲಗಳು ಬೇಗ ಬಗೆಹರಿಯುತ್ತವೆ.

ದಾಖಲೀಕರಣ ಬೇರೆ, ಸಾಕ್ಷ್ಯಚಿತ್ರ ಬೇರೆ. ಸಂಗೀತದ ವಿಷಯದಲ್ಲಿ ಈ ಎರಡನ್ನು ಕಲಸಿಬಿಡುವುದು ಹೆಚ್ಚು. ರಾಮೋತ್ಸವದ ಕಛೇರಿಯನ್ನು ಮೂರು ಕ್ಯಾಮೆರಾ ಇಟ್ಟು ಆದಿಯಿಂದ ಮಂಗಳದವರೆಗೆ ಹಿಡಿದಿಟ್ಟರೆ ಅದು ದಾಖಲೀಕರಣ. ಬೆಲೆಬಾಳುವ ಕೆಲಸವೇ, ಆದರೆ ಅಲ್ಲಿ ಸಾಕ್ಷಿ ಇನ್ನೂ ಬಾಯಿ ಬಿಟ್ಟಿಲ್ಲ. 2021ರ ‘ಸಮ್ಮರ್ ಆಫ್ ಸೋಲ್’ ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. 1969ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರ ದೊಡ್ಡ ಸಂಗೀತೋತ್ಸವ ನಡೆಯಿತು. ನೀನಾ ಸಿಮೋನ್, ಮಹಾಲಿಯಾ ಜಾಕ್ಸನ್, ಹರೆಯದ ಸ್ಟೀವಿ ವಂಡರ್ ಹಾಡಿದರು. ಹಾಲ್ ಟುಲ್ಚಿನ್ ಎಂಬುವರು ಅದನ್ನೆಲ್ಲ ಚಿತ್ರೀಕರಿಸಿದ್ದರು. ಅದೇ ಬೇಸಿಗೆಯ ವುಡ್‌ಸ್ಟಾಕ್ ಉತ್ಸವ ಜಗತ್ತಿಗೆಲ್ಲ ಗೊತ್ತಾಯಿತು. ಹಾರ್ಲೆಮ್‌ನ ಸುರುಳಿಗಳು ಹತ್ತಿರ ಹತ್ತಿರ ಐವತ್ತು ವರ್ಷ ಪೆಟ್ಟಿಗೆಯಲ್ಲಿ ಉಳಿದವು. ಆಗಲೂ ಅವು ದಾಖಲೆಗಳೇ. ಕ್ವೆಸ್ಟ್‌ಲವ್ ಎಂಬ ಸಂಗೀತಗಾರ ಅವನ್ನು ಹೊರತೆಗೆದು, ಅಂದು ಮಕ್ಕಳಾಗಿ ಆ ಮೈದಾನದಲ್ಲಿದ್ದವರ ಮುಂದೆ ಆಡಿಸಿದ. ಐವತ್ತು ದಾಟಿದ ಒಬ್ಬ ಮನುಷ್ಯ, ತಾನು ಕಂಡದ್ದು ಕನಸಾಗಿರಲಿಲ್ಲ ಎಂದು ಗೊತ್ತಾಗಿ ಕಣ್ಣೀರಿಡುತ್ತಾನೆ. ದಾಖಲೆ ಸಾಕ್ಷ್ಯವಾಗುವುದು ಆ ಗಳಿಗೆಯಲ್ಲಿ.

ಇನ್ನೊಂದು ತಪ್ಪು ಬಳಕೆ ನನಗೆ ಹೆಚ್ಚು ಕಿರಿಕಿರಿ ಮಾಡುತ್ತದೆ, ಏಕೆಂದರೆ ಅದನ್ನು ಮಾಡುವವರು ಓದಿಕೊಂಡವರು. ‘ಆ ನಿರ್ದೇಶಕರು ಒಂದು ಪಕ್ಷ ವಹಿಸಿದ್ದಾರೆ, ಆದ್ದರಿಂದ ಅದು ಸಾಕ್ಷ್ಯಚಿತ್ರವಲ್ಲ’ ಎಂಬ ಮಾತು ಅದು. ಸ್ವಾಮಿ, ಪಕ್ಷ ವಹಿಸಬಾರದ್ದು ನ್ಯಾಯಾಧೀಶರು. ಸಾಕ್ಷಿಯಿಂದ ನಾವು ಕೇಳಬೇಕಾದದ್ದು ಬೇರೆ: ನೀನು ಎಲ್ಲಿ ನಿಂತಿದ್ದೆ, ಅಲ್ಲಿಂದ ಏನು ಕಂಡಿತು, ಕಂಡದ್ದರಲ್ಲಿ ಏನನ್ನಾದರೂ ಬಚ್ಚಿಟ್ಟೆಯಾ? ಆನಂದ್ ಪಟವರ್ಧನ್ ಅವರ ‘ಜೈ ಭೀಮ್ ಕಾಮ್ರೇಡ್’ (2011) ಈ ಆರೋಪಕ್ಕೆ ಪದೇ ಪದೇ ಗುರಿಯಾದ ಚಿತ್ರ. 1997ರ ಜುಲೈ 11ರಂದು ಮುಂಬೈನ ರಮಾಬಾಯಿ ನಗರದಲ್ಲಿ, ಅಂಬೇಡ್ಕರ್ ಪ್ರತಿಮೆಗೆ ಆದ ಅವಮಾನವನ್ನು ಪ್ರತಿಭಟಿಸುತ್ತಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿ ಹತ್ತು ಮಂದಿ ದಲಿತರು ಸತ್ತರು. ಆ ನೋವಿನಲ್ಲಿ ಕವಿ, ಗಾಯಕ ವಿಲಾಸ್ ಘೋಗ್ರೆ ಕೆಲವೇ ದಿನಗಳಲ್ಲಿ ಪ್ರಾಣ ಕಳೆದುಕೊಂಡರು. ಇದೇ ಘೋಗ್ರೆ 1985ರ ಪಟವರ್ಧನರ ಚಿತ್ರದಲ್ಲಿ ಹಾಡಿದ್ದವರು. ಗೆಳೆಯನ ಸಾವಿನ ಬೆನ್ನು ಹತ್ತಿ ನಿರ್ದೇಶಕರು 14 ವರ್ಷ ನಡೆದರು. ಮೂರು ಗಂಟೆಯ ಚಿತ್ರದಲ್ಲಿ ಶಾಹಿರರೆಂಬ ಮರಾಠಿ ಲಾವಣಿಕಾರರ ಹಾಡು, ಡಪ್ಪಿನ ಸದ್ದು, ಬಸ್ತಿಯ ಹೆಂಗಸರ ಮಾತು ಎಲ್ಲ ಬರುತ್ತದೆ. ನಿರ್ದೇಶಕರು ಎಲ್ಲಿ ನಿಂತಿದ್ದಾರೆ ಎಂಬುದು ಮೊದಲ ನಿಮಿಷದಿಂದ ಗೊತ್ತು. ನಿಂತ ಜಾಗವನ್ನು ತೋರಿಸಿಯೇ ಮಾತನಾಡುವವನನ್ನು ನಂಬುವುದೋ ಬಿಡುವುದೋ ನಮಗೆ ಬಿಟ್ಟದ್ದು. ಜಾಗವನ್ನೇ ಮುಚ್ಚಿ ಅಶರೀರವಾಣಿಯಂತೆ ಮಾತನಾಡುವ ದನಿಯ ಬಗ್ಗೆ ನನಗೆ ಹೆಚ್ಚು ಅನುಮಾನ.

ಬಚ್ಚಿಡುವುದರ ವಿಷಯಕ್ಕೆ ಬಂದರೆ, ನಾನು ತುಂಬ ಪ್ರೀತಿಸುವ ಒಂದು ಚಿತ್ರದ ಮೇಲೆಯೇ ತಕರಾರು ಹೇಳಬೇಕು. ‘ಸರ್ಚಿಂಗ್ ಫಾರ್ ಶುಗರ್ ಮ್ಯಾನ್’ (2012) ಡೆಟ್ರಾಯಿಟ್‌ನ ಗಾಯಕ ರಾಡ್ರಿಗೆಸ್‌ನ ಕಥೆ. 1970 ಮತ್ತು 71ರಲ್ಲಿ ಬಂದ ಅವನ ಎರಡು ಆಲ್ಬಮ್‌ಗಳನ್ನು ಅಮೆರಿಕದಲ್ಲಿ ಯಾರೂ ಕೊಳ್ಳಲಿಲ್ಲ. ಅವನು ಕೂಲಿ ಕೆಲಸ ಮಾಡಿಕೊಂಡು ಬದುಕಿದ. ಅತ್ತ ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಅದೇ ಹಾಡುಗಳು ಮನೆಮಾತಾಗಿದ್ದವು. ಅದು ಅವನಿಗೇ ಗೊತ್ತಿರಲಿಲ್ಲ. ಅವನು ವೇದಿಕೆಯಲ್ಲೇ ಸತ್ತನೆಂಬ ವದಂತಿಯನ್ನು ಅಲ್ಲಿನ ಅಭಿಮಾನಿಗಳು ನಂಬಿದ್ದರು. ಕೊನೆಗೆ ಅವರೇ ಅವನನ್ನು ಹುಡುಕಿ ತೆಗೆದು 1998ರಲ್ಲಿ ಅಲ್ಲಿ ಹಾಡಿಸಿದರು. ಚಿತ್ರಕ್ಕೆ ಆಸ್ಕರ್ ಬಂತು. ಆದರೆ ಅವನು 1979 ಮತ್ತು 1981ರಲ್ಲಿ ಆಸ್ಟ್ರೇಲಿಯಾ ಪ್ರವಾಸ ಮಾಡಿ ಹಾಡಿದ್ದ ಎಂಬ ಸಂಗತಿಯನ್ನು ಚಿತ್ರ ಹೇಳುವುದಿಲ್ಲ. ಹೇಳಿದ್ದರೆ ಮರೆತುಹೋದ ಗಾಯಕನ ಕಥೆ ಅಷ್ಟು ಬಿಗಿಯಾಗಿ ನಿಲ್ಲುತ್ತಿರಲಿಲ್ಲ. ಇದು ಸಾಕ್ಷ್ಯಚಿತ್ರ ಹೌದೇ? ಹೌದು. ಅರ್ಧ ಹೇಳಿದ ಸಾಕ್ಷಿಯೂ ಸಾಕ್ಷಿಯೇ. ಆದರೆ ಪಾಟೀಸವಾಲಿನಲ್ಲಿ ಅವನು ತಡವರಿಸುತ್ತಾನೆ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಇರುವುದು ಇಂಥ ಕಡೆಗೇ.

ಹಾಗಾದರೆ ಅಭಿನಯ ಬೆರೆತರೆ ಪದ ಕೆಡುತ್ತದೆಯೇ ಎಂದು ಕೇಳುವವರಿದ್ದಾರೆ. ಅದು ಅಭಿನಯ ಎಂದು ನೋಡುಗನಿಗೆ ತಿಳಿದಿದೆಯೇ ಎಂಬುದು ಮುಖ್ಯ. 1922ರ ‘ನಾನೂಕ್ ಆಫ್ ದಿ ನಾರ್ತ್’ ಚಿತ್ರಕ್ಕಾಗಿ, ಒಳಗೆ ಬೆಳಕು ಸಾಲದೆಂದು, ಅದೇ ಫ್ಲಾಹರ್ಟಿ ಹಿಮದ ಮನೆಯನ್ನು ಅರ್ಧ ತೆರೆದೇ ಕಟ್ಟಿಸಿದ್ದರು. ನಾನೂಕ್ ಎಂಬುದೂ ಚಿತ್ರದ ನಾಯಕನಾದ ಬೇಟೆಗಾರನ ನಿಜವಾದ ಹೆಸರಲ್ಲ. ಇವನ್ನು ನೋಡುಗರಿಂದ ಮುಚ್ಚಿಟ್ಟದ್ದು ದೋಷ. ಎರೊಲ್ ಮಾರಿಸ್ ಅವರ ‘ದಿ ಥಿನ್ ಬ್ಲೂ ಲೈನ್’ (1988) ಇದಕ್ಕೆ ಪೂರ್ತಿ ವಿರುದ್ಧ. 1976ರಲ್ಲಿ ಡಲ್ಲಾಸ್‌ನಲ್ಲಿ ನಡೆದ ಪೊಲೀಸನೊಬ್ಬನ ಕೊಲೆಯನ್ನು ಒಬ್ಬೊಬ್ಬ ಸಾಕ್ಷಿಯ ಹೇಳಿಕೆಗೆ ತಕ್ಕಂತೆ ಮತ್ತೆ ಮತ್ತೆ ಅಭಿನಯಿಸಿ ತೋರಿಸುತ್ತಾ, ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬುದನ್ನು ಅದು ಬಯಲಿಗೆಳೆಯಿತು. ತಾನು ಮಾಡದ ಆ ಕೊಲೆಗೆ ಶಿಕ್ಷೆ ಅನುಭವಿಸುತ್ತಿದ್ದ ರಾಂಡಲ್ ಆಡಮ್ಸ್ ಮರುವರ್ಷ ಬಿಡುಗಡೆಯಾದ. ಸಾಕ್ಷ್ಯಚಿತ್ರ ಎಂಬ ನಮ್ಮ ಪದ ಅಕ್ಷರಶಃ ಕೋರ್ಟಿನ ಮೆಟ್ಟಿಲು ಹತ್ತಿದ ಪ್ರಸಂಗ ಇದು.

ಕಿರುಚಿತ್ರದ ಗೊಂದಲಕ್ಕೆ ಎರಡು ಮಾತು ಸಾಕು. ಕಿರು ಎಂಬುದು ಉದ್ದದ ಅಳತೆ, ಸಾಕ್ಷ್ಯ ಎಂಬುದು ಬಗೆ. ಯಹೂದಿ ನರಮೇಧದ ಕುರಿತ ‘ಶೋವಾ’ (1985) ಒಂಬತ್ತು ಗಂಟೆಗೂ ಉದ್ದವಿದೆ. ಹಳೆಯ ತುಣುಕು ಒಂದನ್ನೂ ಬಳಸದೆ ಕೇವಲ ಸಾಕ್ಷಿಗಳ ಮಾತಿನ ಮೇಲೆ ನಿಂತಿದೆ. ಪ್ರಶಸ್ತಿಗಳಲ್ಲಿ, ಉತ್ಸವಗಳಲ್ಲಿ ಕಿರುಚಿತ್ರ, ಸಾಕ್ಷ್ಯಚಿತ್ರ ಎರಡನ್ನೂ ಒಂದೇ ವಿಭಾಗದಲ್ಲಿ ಸೇರಿಸಿದ್ದರಿಂದ ಈ ಗೊಂದಲ ಬೇರುಬಿಟ್ಟಿದೆ.

ಬೆಂಗಳೂರಿನವರಿಗೆ ಈ ಪದದ ಅರ್ಥ ತಿಳಿಯಲು ದೂರ ಹೋಗಬೇಕಾಗಿಲ್ಲ. ದೀಪಾ ಧನರಾಜ್ ಇದೇ ಊರಿನಲ್ಲಿ ನೆಲೆಸಿ ಕೆಲಸ ಮಾಡಿದವರು. ಹೈದರಾಬಾದಿನ ಕೋಮುಗಲಭೆಯ ಹಿಂದಿನ ರಾಜಕಾರಣವನ್ನು 1986ರಲ್ಲಿಯೇ, ಕುಟುಂಬ ಯೋಜನೆ ಹೆಂಗಸರ ಮೈಮೇಲೆ ನಡೆಸಿದ್ದನ್ನು 1991ರ ‘ಸಮ್‌ಥಿಂಗ್ ಲೈಕ್ ಎ ವಾರ್’ ಚಿತ್ರದಲ್ಲಿ ಅವರು ತೆರೆಗೆ ತಂದರು. ಶಬ್ನಮ್ ವಿರ್ಮಾನಿ ಇಲ್ಲಿನ ಸೃಷ್ಟಿ ಕಲೆ-ವಿನ್ಯಾಸ ಶಿಕ್ಷಣ ಸಂಸ್ಥೆಯ ಆಶ್ರಯದಲ್ಲಿ ಕಬೀರನನ್ನು ಹುಡುಕಿಕೊಂಡು ಹೋಗಿ ನಾಲ್ಕು ಚಿತ್ರ ಮಾಡಿದರು. ‘ಹದ್ ಅನ್‌ಹದ್’ (2008) ಅಯೋಧ್ಯೆಯಿಂದ ಕರಾಚಿಯವರೆಗೆ ಹಾಡಿನ ಎಳೆ ಹಿಡಿದು ಹೋಗುತ್ತದೆ. ‘ಕೋಯೀ ಸುನ್‌ತಾ ಹೈ’ ನಮ್ಮ ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಕಬೀರನನ್ನು ಕೇಳಿಸುತ್ತದೆ. ಉಷಾ ರಾವ್ ಮತ್ತು ಗೌತಮ್ ಸೊಂಟಿ ಅವರ ‘ಅವರ್ ಮೆಟ್ರೊಪೊಲಿಸ್’ (2014) ಮೆಟ್ರೊ ಕಾಮಗಾರಿಯ ವರ್ಷಗಳ ಬೆಂಗಳೂರನ್ನು ನೋಡಿದ ಚಿತ್ರ. ಅದೇ ನಗರದ ಮೇಲೆ ಹಾರಿದ ನೂರಾರು ಡ್ರೋನ್ ವಿಡಿಯೊಗಳ ಪಕ್ಕದಲ್ಲಿ ಅದನ್ನು ಇಟ್ಟು ನೋಡಿ. ಮೇಲಿನಿಂದ ನೋಡುವ ಕಣ್ಣು ಯಾವುದು, ಹತ್ತಿರ ನಿಂತು ನೋಡುವ ಕಣ್ಣು ಯಾವುದು ಎಂದು ಕೇಳಬೇಕಾಗಿಯೇ ಬರುವುದಿಲ್ಲ.

ಸಮಾರಂಭ ಮುಗಿದ ಮೇಲೆ ಊಟದ ಸಾಲಿನಲ್ಲಿ ಸಿಕ್ಕ ಸಂಘಟಕರಿಗೆ ನಾನು ಇಷ್ಟನ್ನೂ ಸ್ವಲ್ಪ ಚುಟುಕಾಗಿ ಹೇಳಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. ‘ಹಾಗಾದರೆ ಇದಕ್ಕೆ ಏನೆಂದು ಹೆಸರಿಡಬೇಕಿತ್ತು ಸಾರ್?’ ಎಂದು ಕೇಳಿದರು. ಹಿರಿಯರ ಹುಟ್ಟುಹಬ್ಬಕ್ಕೆ ಅವರ ಆಪ್ತರೆಲ್ಲ ಸೇರಿ ಲೇಖನ ಬರೆದು ಅಭಿನಂದನ ಗ್ರಂಥ ತರುವ ಸಂಪ್ರದಾಯ ನಮ್ಮಲ್ಲಿ ಬಹಳ ಕಾಲದಿಂದ ಇದೆ. ಆ ಪುಸ್ತಕವನ್ನು ಯಾರೂ ಸಂಶೋಧನೆ ಎಂದು ತಪ್ಪು ತಿಳಿಯುವುದಿಲ್ಲ, ಅದರಿಂದ ಅದರ ಗೌರವವೂ ಕಡಿಮೆಯಾಗಿಲ್ಲ. ಇದು ಅಭಿನಂದನ ಚಿತ್ರ, ಹಾಗೆಯೇ ಅಚ್ಚು ಹಾಕಿಸಿ ಎಂದೆ. ಅವರು ಮೊಬೈಲ್ ತೆಗೆದು ಆ ಎರಡು ಪದಗಳನ್ನು ಬರೆದುಕೊಂಡರು. ನಾನು ಕೈ ತೊಳೆದು ಹೊರಗೆ ಬಂದಾಗ ಕಾವಲುಗಾರರು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮೊದಲ ಬ್ಯಾಚಿನಲ್ಲಿ ಎಷ್ಟು ಮಕ್ಕಳಿದ್ದರು ಎಂದು ಕೇಳಿದೆ. ಅವರು ಪಕ್ಕದ ಕುರ್ಚಿಯನ್ನು ನನ್ನ ಕಡೆಗೆ ಸರಿಸಿದರು.