ಹಳೇ ಡೆಸ್ಕ್‌ಟಾಪ್‌ಗೆ ಯಾವ ಹಾರ್ಡ್ ಡಿಸ್ಕ್ ಹಾಕಿಸಲಿ?

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್ 2011ರಲ್ಲಿ ಕೊಂಡದ್ದು, 500 ಜಿಬಿ ಹಾರ್ಡ್ ಡಿಸ್ಕ್ ಇದೆ. ಈಗ ಆನ್ ಆಗೋಕೆ ಐದಾರು ನಿಮಿಷ ಬೇಕು. ಆಗಾಗ ಒಳಗಿಂದ ಟಕ್ ಟಕ್ ಸದ್ದು ಬೇರೆ. ಎಸ್‌ಪಿ ರೋಡಿನಲ್ಲಿ ಒಬ್ಬರು 4 ಟಿಬಿ ಹಾರ್ಡ್ ಡಿಸ್ಕ್ ಹಾಕಿಸಿ ಅಂದ್ರು, ಇನ್ನೊಬ್ಬರು ಎಸ್‌ಎಸ್‌ಡಿ ಅಂದ್ರು. ಯಾವುದು ಸರಿ?
– ಓದುಗರು, ರಾಜಾಜಿನಗರ

ಉತ್ತರ: ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಫೈಲ್ ಇಡುವ ಡಿಸ್ಕ್) ಅಂದವರ ಮಾತು ಸರಿ. ಆದರೆ ಅಂಗಡಿಗೆ ಹೊರಡುವ ಮುಂಚೆ ಮನೆಯ ಫೋಟೋ, ಮಾರ್ಕ್ಸ್ ಕಾರ್ಡು, ಆಸ್ತಿ ಪತ್ರದ ಸ್ಕ್ಯಾನುಗಳನ್ನು ಇವತ್ತೇ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಡಿಸ್ಕಿನ ಒಳಗೆ ತಟ್ಟೆಯ ಮೇಲೆ ಓಡಾಡುವ ಹೆಡ್ಡು ತನ್ನ ಜಾಗ ಸಿಗದೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಹುಡುಕುವಾಗ ಅಂಥ ಟಕ್ ಟಕ್ ಸದ್ದು ಬರುತ್ತೆ, ಡಿಸ್ಕ್ ಕೆಡುತ್ತಿರುವ ಲಕ್ಷಣ ಅದು. ನಮ್ಮ ಮನೆಯಲ್ಲಿ ಆ ಸದ್ದು ಕೇಳಿಯೂ ಭಾನುವಾರ ನೋಡಿದರಾಯ್ತು ಅಂತ ಬಿಟ್ಟಿದ್ದೆ. ಶುಕ್ರವಾರವೇ ಡಿಸ್ಕ್ ಸತ್ತುಹೋಯಿತು. ಅಮ್ಮನ ಅರವತ್ತರ ಶಾಂತಿಯ ಫೋಟೋಗಳು ಮತ್ತೆ ಸಿಗಲಿಲ್ಲ.

4 ಟಿಬಿ ಯಾಕೆ ಬೇಡ? ಆ ಕಾಲದ ಬಹಳಷ್ಟು ಮದರ್‌ಬೋರ್ಡುಗಳಲ್ಲಿ ಹಳೇ ಬಯೋಸ್ (ಆನ್ ಮಾಡಿದ ಕೂಡಲೇ ಮೊದಲು ಓಡುವ ಪ್ರೋಗ್ರಾಂ) ಇರುತ್ತೆ. ಅದರಿಂದ ವಿಂಡೋಸ್ ಬೂಟ್ ಮಾಡಿಸಿದರೆ ಡಿಸ್ಕಿನಲ್ಲಿ 2 ಟಿಬಿ ಮಾತ್ರ ಬಳಕೆಗೆ ಬರುತ್ತೆ, ಉಳಿದದ್ದಕ್ಕೆ ಕೊಟ್ಟ ದುಡ್ಡು ದಂಡ. ಅದಕ್ಕಿಂತ ಮುಖ್ಯವಾದದ್ದು, ಎಷ್ಟೇ ದೊಡ್ಡ ಹಾರ್ಡ್ ಡಿಸ್ಕ್ ಹಾಕಿದರೂ ನಿಮ್ಮ ಐದು ನಿಮಿಷದ ಕಾಯುವಿಕೆ ತಪ್ಪಲ್ಲ. ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗಿದರೂ ಒಂದೊಂದು ಫೈಲ್ ಹುಡುಕೋಕೆ ಸುಮಾರು 10 ಮಿಲಿಸೆಕೆಂಡ್ ಹಿಡಿಯುತ್ತೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಹುಡುಕಾಟ ಸುಮಾರು 0.1 ಮಿಲಿಸೆಕೆಂಡಿನಲ್ಲಿ ಮುಗಿಯುತ್ತೆ. ವಿಂಡೋಸ್ ಏಳುವಾಗ ಇಂಥ ಸಣ್ಣ ಫೈಲುಗಳನ್ನು ಸಾವಿರಗಟ್ಟಲೆ ಓದಬೇಕು. ಡಬ್ಬಿಯ ಮೇಲೆ ಸೆಕೆಂಡಿಗೆ 550 ಎಂಬಿ ವೇಗ ಅಂತ ಇದ್ದು, ನಿಮ್ಮ ಹಳೇ ಪೋರ್ಟಿನಲ್ಲಿ 300ರ ಒಳಗೇ ಸಿಕ್ಕರೂ ಚಿಂತೆಯಿಲ್ಲ. ಲಾಭ ಇರೋದು ಈ ಹುಡುಕಾಟದಲ್ಲಿ.

ಅಂಗಡಿಯಲ್ಲಿ 'ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ' ಅಂತಲೇ ಕೇಳಿ. ಬಬಲ್‌ಗಮ್ ಪಟ್ಟಿಯ ಹಾಗೆ ಉದ್ದಕ್ಕಿರುವ ಎನ್‌ವಿಎಂಇ ಅನ್ನೋ ಬೇರೆ ಬಗೆಯ ಎಸ್‌ಎಸ್‌ಡಿ ನಿಮ್ಮ ಬೋರ್ಡಿನಲ್ಲಿ ಕೂರಲ್ಲ. ಸೈಡ್ ಮುಚ್ಚಳ ತೆಗೆದು ಒಮ್ಮೆ ನೋಡಿಕೊಳ್ಳಿ: ಹಳೇ ಡಿಸ್ಕಿಗೆ ಬೆರಳಗಲದ ತೆಳು ಕೇಬಲ್ ಬಂದಿದ್ದರೆ ಅದು ಸಾಟಾ, ಅದನ್ನೇ ಕಿತ್ತು ಹೊಸದಕ್ಕೆ ಚುಚ್ಚಬಹುದು. ಎಸ್‌ಎಸ್‌ಡಿ ನಿಪ್ಪಟ್ಟಿನಷ್ಟು ಹಗುರ, ಅಳತೆಯಲ್ಲೂ ಚಿಕ್ಕದು, ಹಳೇ ಡಿಸ್ಕಿನ ಗೂಡಿನಲ್ಲಿ ನಿಲ್ಲಲ್ಲ. ಹಾಗಾಗಿ ಒಂದು ಬ್ರಾಕೆಟ್ ಕೂಡ ತನ್ನಿ.

ಮನೆ ಬಳಕೆಗೆ 500 ಜಿಬಿ ಸಾಕು. ಆ ಕಾಲದ ಮೆಷಿನ್‌ಗೆ ವಿಂಡೋಸ್ 11 ಅಧಿಕೃತವಾಗಿ ಬರಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅದರ ಮೇಲೆ ತುಂಬಾ ದುಡ್ಡು ಸುರಿಯೋದು ಬೇಡ. ಫೋಟೋ, ವಿಡಿಯೋ ಬಹಳ ಇದ್ದರೆ ಜೊತೆಗೊಂದು ಎಕ್ಸ್‌ಟರ್ನಲ್ ಡಿಸ್ಕ್ ತಗೊಳ್ಳಿ.

ಸೀಲ್ ಒಡೆಯದ ಡಬ್ಬಿ, ಬಿಲ್ಲು, ವಾರಂಟಿ ಮೂರನ್ನೂ ಕೇಳಿ ಪಡೆಯಿರಿ. ಬಳಸಿದ ಡಿಸ್ಕನ್ನು ಹೊಸದೆಂದು ಮಾರುವುದುಂಟು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಉಚಿತ ಪ್ರೋಗ್ರಾಂನಲ್ಲಿ ಎಷ್ಟು ಗಂಟೆ ಓಡಿದೆ ಅಂತ ಗೊತ್ತಾಗುತ್ತೆ. ಆ ಅಂಕಿಯನ್ನೂ ಅಳಿಸುವವರಿದ್ದಾರೆ, ಆದ್ದರಿಂದ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಎಲ್ಲಿಯವರೆಗಿದೆ ನೋಡಿ.

ಅಂಗಡಿಯವರು ಕ್ಲೋನ್ (ಹಳೇ ಡಿಸ್ಕಿನಲ್ಲಿರುವುದನ್ನೆಲ್ಲ ಹಾಗೇ ಹೊಸದಕ್ಕೆ ನಕಲು) ಮಾಡಿಕೊಡ್ತೀವಿ ಅಂದರೆ ಬೇಡ ಅನ್ನಿ. ಸಾಯುತ್ತಿರುವ ಡಿಸ್ಕನ್ನು ಪೂರ್ತಿ ಓದಿಸಿದರೆ ಅದು ನಡುವೆಯೇ ನಿಲ್ಲಬಹುದು. ಬಯೋಸ್‌ನಲ್ಲಿ ಸಾಟಾ ಮೋಡನ್ನು ಎಎಚ್‌ಸಿಐಗೆ (ಎಸ್‌ಎಸ್‌ಡಿಗೆ ಹೊಂದುವ ಸೆಟ್ಟಿಂಗ್) ಇಟ್ಟು ವಿಂಡೋಸ್ ಹೊಸದಾಗಿ ಹಾಕಿಸಿ. ಹಳೇ ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಏನಾದರೂ ಕಾಪಿ ಆಗದೆ ಉಳಿದಿದ್ದರೆ ಅದು ಅಲ್ಲೇ ಇರುತ್ತೆ.