ಹಳೆ ಚೈನ್ ಸಾ: ಸ್ಕ್ರೂಡ್ರೈವರ್‌ಗೂ ಮೊದಲು ಸೈಲೆನ್ಸರ್ ಬಿಚ್ಚಿ

ಸೆಕೆಂಡ್ ಹ್ಯಾಂಡ್ ಚೈನ್ ಸಾ ನೋಡಲು ಹೋದಾಗ ಮೊದಲು ಹಗ್ಗ ಎಳೆಯಬೇಡಿ, ಸಿಲಿಂಡರಿನ ಕವರ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಓಡಿಸಿಟ್ಟಿದ್ದಾರೆ ಎಂದರ್ಥ. ಒಂದು ಕಾಫಿ ಕುಡಿದು, ಅದು ಪೂರ್ತಿ ತಣಿಯುವವರೆಗೆ ಕಾಯಿರಿ. ತಣ್ಣಗಿದ್ದಾಗ ಸ್ಟಾರ್ಟ್ ಆಗದಿರುವುದು ಒಂದು ಕಾಯಿಲೆ, ಹತ್ತು ನಿಮಿಷ ಓಡಿ ನಿಂತ ಮೇಲೆ ಮತ್ತೆ ಸ್ಟಾರ್ಟ್ ಆಗದಿರುವುದು ಇನ್ನೊಂದು. ಮೊದಲನೆಯದು ಹೆಚ್ಚಾಗಿ ಕಾರ್ಬೊರೇಟರಿನದು, ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಎರಡನೆಯದು ಪಿಸ್ಟನ್ನಿನದೋ ಕಿಡಿ ಕೊಡುವ ಕಾಯಿಲ್‌ನದೋ ಆಗಿದ್ದರೆ ಕೈ ಸುಡುತ್ತದೆ.

ಮರಗಸಿ (ನೆರಳಿನ ಮರಗಳ ಕೊಂಬೆ ಸವರುವ) ಸಮಯದಲ್ಲಿ ಮಲೆನಾಡಿನ ತೋಟಗಳಲ್ಲಿ ಕೈಯಿಂದ ಕೈಗೆ ಹೋಗುವ ಮೆಷಿನ್ನುಗಳಲ್ಲಿ ಒಂದು ಅವಗುಣ ಪದೇಪದೇ ಕಾಣುತ್ತದೆ. ಎಲ್ಲೋ ಗಾಳಿ ಸೋರುತ್ತಿರುತ್ತದೆ, ಇಲ್ಲವೇ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಒತ್ತುವ ಬಲ, ಬಿದ್ದಿರುತ್ತದೆ. ಅದನ್ನು ಹುಡುಕದೆ, ಹೇಗೋ ಓಡಲಿ ಎಂದು ಹಿಂದಿನವರು ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ ಕೊಟ್ಟಿರುತ್ತಾರೆ. ನೀವು ಮತ್ತೆ ಅದೇ ಸ್ಕ್ರೂಗೆ ಕೈ ಹಾಕಿದರೆ ನಿಜವಾದ ದೋಷದ ಮೇಲೆ ಎರಡನೇ ಕಂಬಳಿ ಹೊದಿಸಿದ ಹಾಗೆ. ಟ್ಯೂನಿಂಗ್ ಕೊನೆಯ ಕೆಲಸ.

ಕಂಪ್ರೆಷನ್ ಅಂದಾಜು ಮಾಡಲು ಉಪಕರಣವೇ ಬೇಡ. ಸ್ವಿಚ್ ಆಫ್ ಮಾಡಿ, ಹಗ್ಗ ಎಳೆಯುವುದನ್ನು ಹಗುರ ಮಾಡುವ ಡಿಕಂಪ್ರೆಷನ್ ಬಟನ್ ಇದ್ದರೆ ಅದನ್ನು ಒತ್ತದೆ, ಸ್ಟಾರ್ಟರ್ ಹಿಡಿಕೆ ಹಿಡಿದು ಇಡೀ ಮೆಷಿನ್ನನ್ನು ಮೆಲ್ಲಗೆ ನೇತುಬಿಡಿ. ಒಂದೊಂದು ತಿರುವಿಗೂ ತಡೆದು ತಡೆದು ಕೆಳಗಿಳಿದರೆ ಪರವಾಗಿಲ್ಲ. ಬಾವಿಗೆ ಕೊಡ ಬಿಟ್ಟ ಹಾಗೆ ಸರ್ರನೆ ಇಳಿದರೆ ರಿಂಗ್ ಸವೆದಿದೆ. ಗೇಜ್ ಇದ್ದರೆ ಪ್ಲಗ್ ಜಾಗದಲ್ಲಿ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಮುಳ್ಳು ಏರುವುದು ನಿಲ್ಲುವವರೆಗೆ ಎಳೆಯಿರಿ. 150 ಪಿಎಸ್‌ಐ ಆಸುಪಾಸು ಬಂದರೆ ಆರೋಗ್ಯವಾಗಿದೆ. 100ರ ಹತ್ತಿರಕ್ಕೆ ಬಿದ್ದಿದ್ದರೆ ಕಾರ್ಬೊರೇಟರ್ ಹೊಸದು ಹಾಕಿದರೂ ಸುಖವಿಲ್ಲ.

ಆಮೇಲೆ ಸೈಲೆನ್ಸರ್. ಹೆಚ್ಚಿನ ಮಾಡೆಲ್‌ಗಳಲ್ಲಿ ಎರಡು ಬೋಲ್ಟ್ ಅಥವಾ ನಟ್ ಅಷ್ಟೇ, ಐದು ನಿಮಿಷದ ಕೆಲಸ. ಹೊಗೆ ಹೋಗುವ ಕಿಂಡಿಯಲ್ಲಿ ಮೊಬೈಲ್ ಟಾರ್ಚ್ ಬಿಟ್ಟು, ಹಗ್ಗವನ್ನು ನಿಧಾನ ಎಳೆಯುತ್ತಾ ಪಿಸ್ಟನ್ನಿನ ಮೈ ನೋಡಿ. ಒಳ್ಳೆಯ ಪಿಸ್ಟನ್ ಮೇಲೆ ಕೂದಲೆಳೆಯಂಥ ಅಡ್ಡಗೆರೆಗಳು ಇನ್ನೂ ಕಾಣುತ್ತವೆ. ಅವು ಕಾರ್ಖಾನೆಯಲ್ಲಿ ಕಡೆದಾಗಿನ ಗುರುತು. ಆ ಗೆರೆಗಳನ್ನು ಅಳಿಸಿಕೊಂಡು ಮೇಲಿಂದ ಕೆಳಕ್ಕೆ ಉದ್ದಗೀರುಗಳು ಇದ್ದರೆ, ಮಸಿ ಮೆತ್ತಿದಂತೆ ಅಲ್ಯೂಮಿನಿಯಂ ಒರೆಸಿಕೊಂಡಿದ್ದರೆ, ಅದು ಸೀಜ್ ಆಗಿ, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು, ಬಿಟ್ಟ ಎಂಜಿನ್. ಗೀರು ಎಲ್ಲಿದೆ ಎಂಬುದೇ ಕಾರಣ ಹೇಳುತ್ತದೆ. ಹೊಗೆ ಕಿಂಡಿಯ ಕಡೆ ಮಾತ್ರ ಇದ್ದರೆ ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾಗಿದೆ, ಕಾವಿಗೆ ಪಿಸ್ಟನ್ ಉಬ್ಬಿ ಉಜ್ಜಿದೆ. ಸುತ್ತಲೂ ಇದ್ದರೆ ಯಾರೋ ಆಯಿಲ್ ಹಾಕದೆ ಬರೀ ಪೆಟ್ರೋಲ್‌ನಲ್ಲಿ ಓಡಿಸಿದ್ದಾರೆ. ಕಾರ್ಬೊರೇಟರ್ ಕಡೆಯ ಮೈ ಹೊಳಪು ಕಳೆದುಕೊಂಡು ಬೂದುಬಣ್ಣಕ್ಕೆ ಸವೆದಿದ್ದರೆ ಏರ್ ಫಿಲ್ಟರ್ ಹರಿದು ಧೂಳು ಒಳಗೆ ಹೋಗಿದೆ.

ಸೀಜ್ ಆದದ್ದೆಲ್ಲ ಗುಜರಿಯಲ್ಲ. ಸಿಲಿಂಡರ್ ಗೋಡೆಯ ಗಟ್ಟಿ ಲೇಪನ ಉಳಿದಿದ್ದು ಮೇಲೆ ಅಲ್ಯೂಮಿನಿಯಂ ಮಾತ್ರ ಮೆತ್ತಿದ್ದರೆ, ಸಿಲಿಂಡರನ್ನು ಬಿಚ್ಚಿ ಹೊರಗಿಟ್ಟು, ಕಿವಿ ಸ್ವಚ್ಛ ಮಾಡುವ ಹತ್ತಿಕಡ್ಡಿಯಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಅದ್ದಿ ಮೆತ್ತಿದ ಜಾಗಕ್ಕಷ್ಟೇ ಸವರುತ್ತಾರೆ. ನೊರೆ ಬರುವುದು ನಿಂತಿತೆಂದರೆ ಅಲ್ಯೂಮಿನಿಯಂ ಮುಗಿಯಿತು, ನೀರಿನಲ್ಲಿ ಚೆನ್ನಾಗಿ ತೊಳೆದು ಒರೆಸಿ ಎಣ್ಣೆ ಹಚ್ಚಬೇಕು. ನೊರೆ ನಿಲ್ಲುವುದೇ ಇಲ್ಲವೆಂದರೆ ಲೇಪನವೇ ಕಿತ್ತಿದೆ, ಆಸಿಡ್ ಈಗ ಸಿಲಿಂಡರನ್ನೇ ತಿನ್ನುತ್ತಿದೆ. ಅಲ್ಲಿಗೆ ಬಿಟ್ಟುಬಿಡಿ. ಕೈಗವಸು, ಕನ್ನಡಕ ಹಾಕಿಕೊಂಡು ಬಯಲಲ್ಲಿ ಮಾಡುವ ಕೆಲಸ ಇದು. ಕಿಂಡಿಗಳ ಅಂಚಿಗೆ ಆಸಿಡ್ ತಾಗಬಾರದು.

ಸೈಲೆನ್ಸರ್ ಕೈಯಲ್ಲಿರುವಾಗಲೇ ಅದರ ಬಾಯಿಯ ಕಿಡಿಜಾಲರಿಯನ್ನೂ ನೋಡಿ. ಮಸಿ ಕಟ್ಟಿದ್ದರೆ ಎಂಜಿನ್ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಓಟ) ಚೆನ್ನಾಗಿರುತ್ತದೆ, ಮರಕ್ಕೆ ಇಟ್ಟರೆ ಉಸಿರು ಕಟ್ಟುತ್ತದೆ. ವೈರ್ ಬ್ರಷ್ ಸಾಕು.

ಈಗ ಪೆಟ್ರೋಲ್. ಹಳೆ ಟ್ಯಾಂಕಿನದ್ದು ಪೂರ್ತಿ ಸುರಿದುಬಿಡಿ. 50:1 ಎಂದರೆ ಲೀಟರಿಗೆ 20 ಮಿಲಿ ಟೂ ಸ್ಟ್ರೋಕ್ ಆಯಿಲ್, 25:1 ಎಂದರೆ 40 ಮಿಲಿ. ಕೈಪಿಡಿ ಏನು ಹೇಳುತ್ತದೋ ಅದು, ಅಳತೆ ಸಿರಿಂಜ್‌ನಲ್ಲಿ. ಬಾಟಲಿ ಮುಚ್ಚಳದ ಲೆಕ್ಕ ಬೇಡ. ಆಯಿಲ್ ಜಾಸ್ತಿ ಹಾಕಿದರೆ ಎಂಜಿನ್‌ಗೆ ಒಳ್ಳೆಯದು ಎನ್ನುವವರು ಬಹಳ. ಆದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ಟಿನ ತೂತು ಅಷ್ಟೇ ಇರುವುದರಿಂದ ಆಯಿಲ್ ಹೆಚ್ಚಾದಷ್ಟೂ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ, ಪ್ಲಗ್ಗಿಗೆ ಮಸಿಯೂ ಕಟ್ಟುತ್ತದೆ.

ಎಥೆನಾಲ್ ಮಾತು ಇಲ್ಲಿ ಬಿಡುವಂತಿಲ್ಲ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ, ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲ್ ಈಗ ಬಂಕುಗಳಲ್ಲಿ ಮಾಮೂಲು. ಸ್ಕ್ರೂ ತಿರುಗಿಸಿ ಹೊಂದಿಸುವ ಕಾರ್ಬೊರೇಟರಿನ ಗರಗಸಗಳಿಗೆ ಶೇ 10ಕ್ಕಿಂತ ಹೆಚ್ಚು ಎಥೆನಾಲ್ ತೊಂದರೆ ಕೊಡಬಹುದು ಎಂದು ಕೈಪಿಡಿಗಳಲ್ಲೇ ಇರುತ್ತದೆ. ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತುಕೊಂಡಿರುತ್ತದೆ, ಹಾಗಾಗಿ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಹತ್ತು ವರ್ಷದ ಹಿಂದೆ ಹದ ಮಾಡಿದ ಮೆಷಿನ್, ಸ್ಕ್ರೂ ಮುಟ್ಟದಿದ್ದರೂ, ಇವತ್ತಿನ ಪೆಟ್ರೋಲ್‌ನಲ್ಲಿ ಬಡವಾಗಿ, ಅಂದರೆ ಇಂಧನ ಸಾಲದೆ, ಓಡುತ್ತದೆ. ಅದೂ ಅಲ್ಲದೆ ಮಳೆಗಾಲದ ತೇವ ಹೀರಿಕೊಂಡು, ಟ್ಯಾಂಕಿನ ತಳದಲ್ಲಿ ನೀರು ಮತ್ತು ಎಥೆನಾಲ್ ಬೇರೆಯಾಗಿ ನಿಲ್ಲುತ್ತದೆ, ಆಯಿಲ್ ಮೇಲೆಯೇ ಉಳಿಯುತ್ತದೆ. ಪೆಟ್ರೋಲ್ ಎಳೆಯುವ ಫಿಲ್ಟರ್ ಇರುವುದು ತಳದಲ್ಲಿ! ಬೆರೆಸಿದ್ದನ್ನು ಒಂದು ತಿಂಗಳೊಳಗೆ ಮುಗಿಸಿ.

ಆ ಫಿಲ್ಟರನ್ನು ಬಗ್ಗಿಸಿದ ತಂತಿಯಿಂದ ಟ್ಯಾಂಕಿನ ಬಾಯಿಗೆ ಎಳೆದು ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ. ಪೈಪ್ ಮೆತ್ತಗಾಗಿದ್ದರೆ ಅಥವಾ ಬಗ್ಗಿಸಿದಾಗ ಬಿರುಕು ಕಂಡರೆ ಅದನ್ನೂ. ಐದು ನಿಮಿಷ ಚೆನ್ನಾಗಿ ಓಡಿ ತಾನಾಗಿ ನಿಲ್ಲುವ ಮೆಷಿನ್ನಿನ ಟ್ಯಾಂಕ್ ಮುಚ್ಚಳವನ್ನು ಸಡಿಲಿಸಿ. ಉಸ್ಸೆಂದು ಗಾಳಿ ಒಳಗೆ ಹೋಗಿ, ಮತ್ತೆ ಸ್ಟಾರ್ಟ್ ಆದರೆ ಟ್ಯಾಂಕಿನ ಗಾಳಿಕಿಂಡಿ ಕಟ್ಟಿದೆ. ಇದಕ್ಕಾಗಿ ಕಾರ್ಬೊರೇಟರ್ ಕೊಂಡವರು ಕಡಿಮೆಯೇನಿಲ್ಲ.

ಕಿಡಿಯ ವಿಷಯ ಬೇಗ ಮುಗಿಯುತ್ತದೆ. ಸರಿಯಾದ ನಂಬರಿನ ಹೊಸ ಪ್ಲಗ್ ಹಾಕಿ, ಗ್ಯಾಪ್ ಸಾಮಾನ್ಯವಾಗಿ 0.5 ಮಿಮೀ. ಪ್ಲಗ್ಗಿನ ಲೋಹದ ಮೈಯನ್ನು ಸಿಲಿಂಡರಿಗೆ ತಾಗಿಸಿ, ಪ್ಲಗ್ ತೂತಿನಿಂದ ದೂರ ಹಿಡಿದು ಎಳೆದು ನೋಡಿ. ಕಿಡಿ ಇಲ್ಲದಿದ್ದರೆ ಕಾಯಿಲ್ ಸತ್ತಿದೆ ಎನ್ನುವ ಮೊದಲು ಸ್ವಿಚ್ ವೈರನ್ನು ಕಾಯಿಲ್‌ನಿಂದ ಕಳಚಿ ಮತ್ತೆ ಎಳೆಯಿರಿ. ಆ ವೈರ್ ಎಲ್ಲೋ ಉಜ್ಜಿ ಬಾಡಿಗೆ ತಾಗುತ್ತಿರಬಹುದು. ಕಾಯಿಲ್‌ಗೂ ಫ್ಲೈವೀಲ್ ಮ್ಯಾಗ್ನೆಟ್‌ಗೂ ನಡುವೆ ದಪ್ಪ ವಿಸಿಟಿಂಗ್ ಕಾರ್ಡಿನಷ್ಟು, ಅಂದರೆ 0.3 ಮಿಮೀ ಆಸುಪಾಸು ಜಾಗವಿರಬೇಕು. ಹಗ್ಗ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಒದೆಯುತ್ತಿದ್ದರೆ ಫ್ಲೈವೀಲ್ ಕೀ ಮುರಿದು ಟೈಮಿಂಗ್ ತಪ್ಪಿದೆಯೇ ನೋಡಿ.

ಕಾರ್ಬೊರೇಟರ್ ಬಿಚ್ಚುವಾಗ ಪ್ರತಿ ಹಂತಕ್ಕೂ ಫೋಟೊ ತೆಗೆದಿಟ್ಟುಕೊಳ್ಳಿ. ನಾಲ್ಕು ಸ್ಕ್ರೂಗಳ ಕಡೆ ಮೀಟರಿಂಗ್ ಡಯಾಫ್ರಾಮ್ (ಪೆಟ್ರೋಲ್ ಅಳೆದು ಬಿಡುವ ತೆಳು ಪೊರೆ), ಒಂದೇ ಸ್ಕ್ರೂ ಇರುವ ಕಡೆ ಪಂಪ್ ಡಯಾಫ್ರಾಮ್. ಮೀಟರಿಂಗ್ ಕಡೆ ಬಾಡಿಗೆ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಡಯಾಫ್ರಾಮ್. ಪಂಪ್ ಕಡೆ ಸಾಮಾನ್ಯವಾಗಿ ಇದು ತಿರುಗುಮುರುಗು. ಡಯಾಫ್ರಾಮನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಬಟ್ಟೆಯ ಹಾಗೆ ಸುಮ್ಮನಿರಬೇಕು. ಒಣ ಪೇಪರಿನ ಹಾಗೆ ಚರಚರ ಅಂದರೆ ಅದರ ಆಯುಷ್ಯ ಮುಗಿದಿದೆ. ಪಂಪ್ ಕವರ್ ಅಡಿಯಲ್ಲಿ ಉಗುರಿಗಿಂತ ಚಿಕ್ಕ ಜಾಲರಿ ಇದೆ, ಮರೆಯಬೇಡಿ. ಮೆಷಿನ್ ನಿಲ್ಲಿಸಿಟ್ಟಾಗಲೂ ಕಾರ್ಬೊರೇಟರಿನಿಂದ ಪೆಟ್ರೋಲ್ ಒಸರಿ ಎಂಜಿನ್ ತುಂಬುತ್ತಿದ್ದರೆ ಪೆಟ್ರೋಲ್ ತಡೆಯುವ ನೀಡಲ್ ಸರಿಯಾಗಿ ಕೂರುತ್ತಿಲ್ಲ, ಕಸ ಇರಬಹುದು ಅಥವಾ ಯಾರೋ ಲಿವರ್ ಬಗ್ಗಿಸಿರಬಹುದು. ಜೆಟ್ಟಿಗೆ ಗುಂಡುಸೂಜಿ ತೂರಿಸಬೇಡಿ, ಡಯಾಫ್ರಾಮ್ ಒಳಗಿರುವಾಗ ಕಂಪ್ರೆಸರ್ ಗಾಳಿ ಹೊಡೆಯಬೇಡಿ.

ಇಷ್ಟಾದ ಮೇಲೂ ಐಡಲ್ ಏರಿಳಿಯುತ್ತಿದ್ದರೆ, ಆಕ್ಸಿಲರೇಟರ್ ಬಿಟ್ಟ ಮೇಲೂ ಆರ್‌ಪಿಎಂ ತಡವಾಗಿ ಇಳಿಯುತ್ತಿದ್ದರೆ, ಅದು ಗಾಳಿ ಸೋರಿಕೆ. ಐಡಲ್‌ನಲ್ಲಿ ಓಡುವಾಗ ಮೆಷಿನ್ನನ್ನು ಎಡಕ್ಕೂ ಬಲಕ್ಕೂ ವಾಲಿಸಿದರೆ ಸದ್ದು ಬದಲಾಗುವುದು ಕ್ರ್ಯಾಂಕ್ ಬೇರಿಂಗ್ ಅಥವಾ ಸೀಲ್ ಮೇಲೆ ಅನುಮಾನ ತರುತ್ತದೆ. ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರ್ ಬೂಟ್, ಎಂಜಿನ್ನಿನ ಒತ್ತಡವನ್ನು ಕಾರ್ಬೊರೇಟರ್ ಪಂಪ್‌ಗೆ ಒಯ್ಯುವ ಇಂಪಲ್ಸ್ ಪೈಪ್, ಕ್ಲಚ್ ಹಿಂದಿನ ಸೀಲ್, ಫ್ಲೈವೀಲ್ ಹಿಂದಿನ ಸೀಲ್ – ಅನುಮಾನದ ಜಾಗಗಳು ಇವೇ. ವರ್ಕ್‌ಶಾಪ್‌ಗಳಲ್ಲಿ ಗಾಳಿ ಬರುವ, ಹೊಗೆ ಹೋಗುವ ಎರಡೂ ಕಿಂಡಿ ಮುಚ್ಚಿ ಕ್ರ್ಯಾಂಕ್‌ಕೇಸಿಗೆ 0.5 ಬಾರ್ ಒತ್ತಡ ಕೊಟ್ಟು 20 ಸೆಕೆಂಡ್ ನೋಡುತ್ತಾರೆ, ಆಮೇಲೆ ಅಷ್ಟೇ ವ್ಯಾಕ್ಯೂಮ್ ಎಳೆದು ನೋಡುತ್ತಾರೆ. ಎರಡನ್ನೂ ಮಾಡಬೇಕು, ಏಕೆಂದರೆ ಒತ್ತಡದಲ್ಲಿ ಬಿಗಿಯಾಗಿ ಕೂರುವ ಸೀಲಿನ ತುಟಿ ವ್ಯಾಕ್ಯೂಮ್‌ನಲ್ಲಿ ಸೋರುವುದುಂಟು. ಪಿಸ್ಟನ್ ಹೊಸದು ಹಾಕಿ ಈ ಪರೀಕ್ಷೆ ಬಿಟ್ಟರೆ ಹೊಸ ಪಿಸ್ಟನ್ನಿಗೂ ಅದೇ ಗತಿ.

ಈಗ ಸ್ಕ್ರೂಡ್ರೈವರ್ ತೆಗೆಯಿರಿ. ಕಾರ್ಬೊರೇಟರಿನ ಎಚ್ ಸ್ಕ್ರೂ ಹೆಚ್ಚು ವೇಗದ ಪೆಟ್ರೋಲ್‌ಗೆ, ಎಲ್ ಸ್ಕ್ರೂ ಕಡಿಮೆ ವೇಗದ್ದಕ್ಕೆ. ಸಣ್ಣ ಮಾಡೆಲ್‌ಗಳಲ್ಲಿ ಎಚ್ ಜೆಟ್ ಫಿಕ್ಸ್ ಆಗಿರುವುದೂ ಉಂಟು, ಅಲ್ಲಿ ಹದ ಮಾಡಲು ಹೆಚ್ಚೇನಿಲ್ಲ. ಎರಡೂ ಇದ್ದರೆ ಎಚ್, ಎಲ್ ಎರಡನ್ನೂ ಹಗುರವಾಗಿ ತಳ ಮುಟ್ಟಿಸಿ, ಒಂದೊಂದು ಸುತ್ತು ಹೊರಗೆ ತನ್ನಿ. ಹೆಚ್ಚಿನವಕ್ಕೆ ಇದು ಆರಂಭದ ಅಳತೆ. ಎಂಜಿನ್ ಬಿಸಿ ಮಾಡಿ. ಎಲ್ ಸ್ಕ್ರೂನಲ್ಲಿ ಐಡಲ್ ಅತಿ ಹೆಚ್ಚು ಏರುವ ಜಾಗ ಹುಡುಕಿ, ಅಲ್ಲಿಂದ ಕಾಲು ಸುತ್ತು ಹೊರಗೆ. ಐಡಲ್ ಸ್ಕ್ರೂನಲ್ಲಿ ಚೈನ್ ನಿಲ್ಲುವವರೆಗೆ ಇಳಿಸಿ. ಎಂಜಿನ್ ಆರುವಷ್ಟು ಇಳಿಸಿದರೂ ಚೈನ್ ತಿರುಗುತ್ತಿದ್ದರೆ ಕ್ಲಚ್ ಸ್ಪ್ರಿಂಗ್ ನೋಡಿ, ಅಂಥ ಮೆಷಿನ್ ಮರದ ಹತ್ತಿರ ಒಯ್ಯಬೇಡಿ.

ಎಚ್ ಸ್ಕ್ರೂ ಕಿವಿಯ ಕೆಲಸ. ಲೋಡ್ ಇಲ್ಲದೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಸದ್ದು ಸ್ವಲ್ಪ ಒಡೆದು ಗದಗದ ಎನ್ನಬೇಕು, ಮರಕ್ಕೆ ಇಟ್ಟ ಕೂಡಲೇ ಸ್ವಚ್ಛವಾಗಬೇಕು, ಎತ್ತಿದರೆ ಮತ್ತೆ ಗದಗದ. ಲೋಡ್ ಇಲ್ಲದಾಗ ಸೀಟಿಯಂತೆ ಕಿರುಚಿದರೆ ಪೆಟ್ರೋಲ್ ಸಾಲದು, ಎಚ್ ಹೊರಗೆ ತಿರುಗಿಸಿ. ಲೋಡ್ ಇಲ್ಲದೆ ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ. ಒಂದು ಮೋಸ ಇದೆ: ಆರ್‌ಪಿಎಂ ಮಿತಿಯ ಕಾಯಿಲ್ ಇರುವ ಮಾಡೆಲ್‌ಗಳಲ್ಲಿ ಆ ಮಿತಿ ಮುಟ್ಟಿದಾಗಲೂ ಇದೇ ಗದಗದ ಬರುತ್ತದೆ, ಪೆಟ್ರೋಲ್ ಕಡಿಮೆಯಿದ್ದರೂ. ಅವಕ್ಕೆ ಆರ್‌ಪಿಎಂ ಅಳೆಯುವ ಟ್ಯಾಕೋಮೀಟರ್ ಇಟ್ಟು ಕೈಪಿಡಿಯ ಅಂಕಿಗೆ ಹೊಂದಿಸುವುದೇ ಸರಿ.

ಒಂದು ಟ್ಯಾಂಕ್ ಪೂರ್ತಿ ಕೊಯ್ದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ಕಾಫಿಪುಡಿ ಬಣ್ಣಕ್ಕೆ ಬಂದಿರಬೇಕು. ಬಿಳಿಚಿಕೊಂಡಿದ್ದರೆ ಮತ್ತೆ ಗಾಳಿ ಸೋರಿಕೆಯ ಪರೀಕ್ಷೆಯಿಂದ ಶುರು ಮಾಡಿ. ಎಂಜಿನ್ ತಣಿದ ಮೇಲೆ ಸೈಲೆನ್ಸರಿನ ಎರಡೂ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಮೊದಲ ಕಾವಿಗೆ ಅವು ಸಡಿಲಾಗಿರುತ್ತವೆ.