ಫೋಮ್ ಹೊಡೆಸುವ ಮೊದಲು ತೇವ ಎಲ್ಲಿದೆ ನೋಡಿ

ಹಳೆಯ ಗೋದಾಮನ್ನು ಕಚೇರಿಯೋ ಮನೆಯೋ ಮಾಡಲು ಹೊರಟವರು ನನ್ನನ್ನು ಮೊದಲು ಕೇಳುವುದು ಒಂದೇ: ‘ತಗಡಿಗೆ ಒಳಗಿನಿಂದ ಸ್ಪ್ರೇ ಫೋಮ್ ಹೊಡೆಸಿದರೆ ಸಾಕಲ್ವಾ?’ ಅಂದರೆ ಗನ್ನಿನಿಂದ ಹೊಡೆದಾಗ ಉಬ್ಬಿ ಅಂಟಿಕೊಂಡು ಶಾಖ ತಡೆಯುವ ನೊರೆ.

ಗೋದಾಮಿನಲ್ಲಿ ಇಷ್ಟು ದಿನ ಇದ್ದದ್ದು ಪೆಟ್ಟಿಗೆಗಳು. ಈಗ ಜನ ಬರುತ್ತಾರೆ. ಉಸಿರು, ಸ್ನಾನ, ಅಡುಗೆ ಎಲ್ಲದರಿಂದ ಗಾಳಿಯಲ್ಲಿ ತೇವ ಜಾಸ್ತಿಯಾಗುತ್ತದೆ. ಆ ಗಾಳಿ ತಣ್ಣನೆಯ ತಗಡಿಗೆ ತಗುಲಿದರೆ ನೀರಾಗುತ್ತದೆ. ಚಳಿಯ ಬೆಳಗ್ಗೆ ತಗಡಿನ ಅಡಿ ಕೈ ಆಡಿಸಿ, ಅಂಗೈ ಒದ್ದೆಯಾಗುತ್ತದೆ.

ಫೋಮ್‌ನಲ್ಲಿ ಎರಡು ಬಗೆ. ಓಪನ್ ಸೆಲ್ ಸ್ಪಂಜಿನ ಹಾಗೆ ಮೆತ್ತಗೆ, ಘನ ಮೀಟರಿಗೆ ಸುಮಾರು 8 ಕೆ.ಜಿ. ಆವಿ ಅದರೊಳಗೆ ಸಲೀಸಾಗಿ ನುಗ್ಗುತ್ತದೆ. ಕ್ಲೋಸ್ಡ್ ಸೆಲ್ ಗಟ್ಟಿ, 30 ಕೆ.ಜಿ. ಆಸುಪಾಸು, ಆವಿಯನ್ನು ಬಹುಮಟ್ಟಿಗೆ ತಡೆಯುತ್ತದೆ. ತಗಡಿಗೆ ನಾನು ಹೇಳುವುದು ಇದನ್ನೇ. ತಗಡನ್ನು ಹೊತ್ತ ಅಡ್ಡ ಕಬ್ಬಿಣಗಳನ್ನೂ (ಪರ್ಲಿನ್) ಮುಚ್ಚಿಸಿ. ಬಿಟ್ಟರೆ ಹನಿ ಆ ಕಬ್ಬಿಣದ ಮೇಲೆ ಕೂರುತ್ತದೆ.

ಸುಣ್ಣದ ಗಾರೆಯ ಗೋಡೆ, ಮರದ ಮಾಡು ಇದ್ದರೆ ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಆ ಗೋಡೆ ಮಳೆನೀರು ಹೀರುತ್ತದೆ, ಆಮೇಲೆ ಎರಡೂ ಕಡೆಯಿಂದ ನಿಧಾನಕ್ಕೆ ಆರುತ್ತದೆ. ಒಳಗಿನ ಕಡೆ ಮುಚ್ಚಿದರೆ ಅರ್ಧ ದಾರಿ ಬಂದ್. ಗೋಡೆಯೊಳಗೆ ಕೂತ ತೊಲೆಯ ತುದಿಗೆ ಮೊದಲ ಪೆಟ್ಟು. ಒಮ್ಮೆ ಒಂದು ಮಾಡಿನಲ್ಲಿ ಅಂಗೈಯಗಲ ಫೋಮ್ ಕತ್ತರಿಸಿ ತೆಗೆದೆ. ಹೊರಗಿನಿಂದ ಎಲ್ಲ ಚೆನ್ನಾಗಿತ್ತು. ಹಿಂದಿನ ಮರಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿಯಿತು. ಮೇಲೆ ಒಂದು ಹೆಂಚು ಬಿರುಕು ಬಿಟ್ಟಿತ್ತು, ಅಷ್ಟೇ. ಫೋಮ್ ಇಲ್ಲದಿದ್ದರೆ ಮೊದಲ ಮಳೆಗೇ ನೆಲದ ಮೇಲೆ ಹನಿ ಬಿದ್ದು ಗೊತ್ತಾಗುತ್ತಿತ್ತು. ಹಾಗಾಗಿ ಮೊದಲು ಸೋರಿಕೆ ನಿಲ್ಲಿಸಿ. ಮರಕ್ಕೆ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಚುಚ್ಚಿ ನೋಡಿ. 20% ದಾಟಿದ್ದರೆ ಆರುವ ತನಕ ಕಾಯಿರಿ. ಒದ್ದೆ ಮರಕ್ಕೆ ಫೋಮ್ ಸರಿಯಾಗಿ ಹಿಡಿಯುವುದೂ ಇಲ್ಲ.

ಹೊಡೆಯುವಾಗ ಆತುರ ಬೇಡ. ಎರಡು ರಾಸಾಯನಿಕಗಳು ಗನ್ನಿನ ತುದಿಯಲ್ಲಿ ಬೆರೆತು ಬಿಸಿಯಾಗುತ್ತವೆ. ಕ್ಲೋಸ್ಡ್ ಸೆಲ್ ಅನ್ನು ಒಂದೇ ಸಲ ದಪ್ಪಗೆ ಹೊಡೆದರೆ ಒಳಗೇ ಸುಟ್ಟು ಕಂದಾಗಬಹುದು, ಬೆಂಕಿಯೂ ಹೊತ್ತಬಹುದು. ಸಾಮಾನ್ಯವಾಗಿ ಒಂದು ಪದರಕ್ಕೆ 50 ಮಿ.ಮೀ. ಸಾಕು. ಅದು ತಣಿದ ಮೇಲೆ ಇನ್ನೊಂದು. ಆ ಎರಡು ರಾಸಾಯನಿಕಗಳಲ್ಲಿ ಒಂದಾದ ಐಸೊಸಯನೇಟ್ ಆಸ್ತಮಾ ತರಬಲ್ಲದು. ಈ ರಾಸಾಯನಿಕ ತಡೆಯುವ ಮಾಸ್ಕ್ ಇಲ್ಲದ ಯಾರೂ ಹತ್ತಿರ ಸುಳಿಯಬಾರದು. ತಯಾರಕರು ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 24 ಗಂಟೆ, ಕಟ್ಟಡ ಖಾಲಿಯೇ ಇರಲಿ.

ಫೋಮ್ ಹಾಗೇ ಕಾಣುವಂತೆ ಬಿಡಬೇಡಿ, ಅದು ಉರಿಯುವ ವಸ್ತು. ಮೇಲೆ ಜಿಪ್ಸಮ್ ಬೋರ್ಡ್ ಬೇಕು. ಗಾಳಿ ನುಸುಳುವ ಸಂದುಗಳೆಲ್ಲ ಮುಚ್ಚಿಹೋಗುವುದರಿಂದ ಎಕ್ಸಾಸ್ಟ್ ಫ್ಯಾನ್, ಹೊಸ ಗಾಳಿಯ ದಾರಿ ಎರಡನ್ನೂ ನಕ್ಷೆಯಲ್ಲೇ ಸೇರಿಸಿ. ಫೋಮ್‌ನಲ್ಲಿ ಹುದುಗಿದ ವೈರಿನ ಬಿಸಿ ಹೊರಗೆ ಹೋಗುವುದಿಲ್ಲ, ಅದರ ಗಾತ್ರವನ್ನು ಎಲೆಕ್ಟ್ರಿಷಿಯನ್ ಮತ್ತೆ ಲೆಕ್ಕ ಹಾಕಲಿ. ಗನ್ ಹಿಡಿಯುವ ಹಿಂದಿನ ದಿನ ವೈರು, ಪೈಪು ಹೋದ ಜಾಗಕ್ಕೆಲ್ಲ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಡಿ.